ಅಕ್ಕನ ಮಗನಿಗೆ ಮಾತ್ರ ದಂಡ ಯಾಕೆ?

ಜಮಖಂಡಿಯ ಓದುಗರೊಬ್ಬರ ಪತ್ರ ಬಂದಿದೆ. ಅವರು ಪತ್ತಿನ ಸಹಕಾರಿ ಸಂಘವೊಂದರ ಮ್ಯಾನೇಜರ್. ಅಕ್ಕನ ಮಗ ಅಲ್ಲೇ ಕ್ಲಾರ್ಕ್. ಮೂರು ದಿನ ತಡವಾಗಿ ಬಂದನೆಂದು ಅವನ ಒಂದು ದಿನದ ಪಗಾರ ಹಿಡಿದರು. ಅಕ್ಕ ಮಾತು ಬಿಟ್ಟಿದ್ದಾರೆ. 'ಕುರ್ಚಿಯಲ್ಲಿ ಕೂತ ಮೇಲೆ ನಂಟು ನೋಡಬಾರದು. ನಾನು ಮಾಡಿದ್ದು ಸರಿ ಅಲ್ವಾ?' ಎಂದು ಕೇಳಿದ್ದಾರೆ.

ಸರ್, ನಂಟು ನೋಡಬಾರದು ಎಂಬ ಮಾತು ಒಪ್ಪಿದೆ. ಆದರೆ ನಿಮ್ಮ ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿದೆ. ಅದೇ ತಿಂಗಳು ಮತ್ತೊಬ್ಬ ಕ್ಲಾರ್ಕ್ ನಾಲ್ಕು ದಿನ ತಡ ಮಾಡಿದ್ದರು. ಅವರಿಗೆ ಬಾಯಿಮಾತಲ್ಲಿ ಹೇಳಿ ಬಿಟ್ಟಿರಿ. ಅಂದರೆ ನೀವು ನಂಟು ನೋಡಿದಿರಿ. ನೋಡಿಯೇ ಪಗಾರ ಹಿಡಿದಿರಿ.

ಇದು ನನಗೆ ಚೆನ್ನಾಗಿ ಗೊತ್ತು. ಹುಡುಗನಾಗಿದ್ದಾಗ ನಮ್ಮ ಕಾಕಾನ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಒಂದು ಮದುವೆ ಕಾರ್ಡಿನಲ್ಲಿ 'ಚಿ. ಸೌ.' ಇದ್ದಲ್ಲಿ 'ಸೌ' ಬಿಟ್ಟೆ. ಐನೂರು ಕಾರ್ಡು ಹಾಳಾದವು. ಕಾಗದದ ದುಡ್ಡು ನನ್ನ ಪಗಾರದಲ್ಲೇ ಮುರಿದರು. ಮುಂದಿನ ವಾರ ಹಿರಿಯ ಕಂಪೋಸಿಟರ್ ಮುಹೂರ್ತದ ತಾರೀಖನ್ನೇ ತಪ್ಪಿಸಿದರು. ಅವರಿಗೆ 'ನೋಡಿ ಮಾಡಪಾ' ಅಷ್ಟೇ. ಓಣಿಯವರೆಲ್ಲ ಕಾಕಾನನ್ನು ಹೊಗಳಿದರು. ನಾನು ಮಸಿ ಕೈಯಲ್ಲೇ ಕಣ್ಣೊರೆಸಿಕೊಂಡು ಕೂತಿದ್ದೆ.

ನಮ್ಮವರನ್ನು ಜಾಸ್ತಿ ಬಡಿದರೆ ನ್ಯಾಯ ಆಗುವುದಿಲ್ಲ. ಅವರ ವಿಷಯ ಬಂದಾಗ ಎದ್ದು ಹೊರಗೆ ಹೋಗಬೇಕು. ಇದು ನನ್ನೊಬ್ಬನ ಮಾತಲ್ಲ. 1969ರಲ್ಲಿ ಸುಪ್ರೀಂ ಕೋರ್ಟು ಕ್ರೈಪಾಕ್ ಪ್ರಕರಣದ ತೀರ್ಪು ಕೊಟ್ಟಿತು. ಜಮ್ಮು ಕಾಶ್ಮೀರದ ಅರಣ್ಯಾಧಿಕಾರಿಯೊಬ್ಬರು ತಾವೇ ಅಭ್ಯರ್ಥಿಯಾಗಿದ್ದೂ ಆಯ್ಕೆ ಸಮಿತಿಯಲ್ಲಿ ಕೂತಿದ್ದರು. ತಮ್ಮ ಹೆಸರು ಬಂದಾಗ ದೂರ ಉಳಿದರು, ಪೈಪೋಟಿಯವರ ಹೆಸರು ಬಂದಾಗ ಅಲ್ಲೇ ಇದ್ದರು. ಕೋರ್ಟು ಆ ಆಯ್ಕೆಯನ್ನೇ ರದ್ದು ಮಾಡಿತು. 1985ರಲ್ಲಿ ಹರಿಯಾಣದ ಲೋಕಸೇವಾ ಆಯೋಗದ ಪ್ರಕರಣದಲ್ಲಿ ಇನ್ನೂ ಬಿಡಿಸಿ ಹೇಳಿತು: ಸದಸ್ಯರ ಹತ್ತಿರದ ನಂಟ ಸಂದರ್ಶನಕ್ಕೆ ಬಂದರೆ ಆ ಸದಸ್ಯ ಎದ್ದು ಹೋಗಬೇಕು, ಆ ಅಭ್ಯರ್ಥಿಯ ಚರ್ಚೆಯಲ್ಲೂ ಇರಬಾರದು. ಸಂಬಂಧಿಗೆ ಕಡಿಮೆ ಅಂಕ ಕೊಟ್ಟು ದೊಡ್ಡವರಾಗಿ ಎಂದು ಕೋರ್ಟು ಹೇಳಲಿಲ್ಲ.

ನಮ್ಮ ಕಡೆ ಅಕ್ಕನ ಮಗ ನಾಳೆ ಮಗಳ ಗಂಡನೂ ಆಗಬಹುದು. ಎರಡಕ್ಕೂ ಒಂದೇ ಮಾತು, ಅಳಿಯ. ಇಷ್ಟು ಹೆಣೆದುಕೊಂಡ ಊರುಗಳಲ್ಲಿ ನಂಟರಿಲ್ಲದ ಆಫೀಸು ಎಲ್ಲಿಂದ ತರೋದು? ನಂಟಿರುವುದು ತಪ್ಪಲ್ಲ. ಅದನ್ನು ಯಾರೂ ಬರೆದಿಡುವುದಿಲ್ಲ, ನನ್ನ ಸಿಟ್ಟು ಅದಕ್ಕೆ. ಸಂಘಗಳ ಸಭೆಗಳಿಗೆ ಎಷ್ಟೋ ಸಲ ಹೋಗಿದ್ದೇನೆ. ಸಾಲದ ಅರ್ಜಿ ತಮ್ಮನದು, ಮಂಜೂರು ಮಾಡುವವರು ಅಣ್ಣ. ಎಲ್ಲರಿಗೂ ಗೊತ್ತು, ಎಲ್ಲರೂ ಚಹಾ ಕುಡಿಯುತ್ತಿರುತ್ತಾರೆ. ಯಾರಾದರೂ 'ಇದು ನಮ್ಮ ಮನೆಯವರದು, ನಾನು ಹೊರಗಿರ್ತೀನಿ' ಅಂದರೆ ಅವರನ್ನೇ ಅಂಜುಬುರುಕ ಅನ್ನುತ್ತಾರೆ!

ನೀವು ಅಂಜುವವರಲ್ಲ, ಪತ್ರ ಓದಿದರೇ ತಿಳಿಯುತ್ತದೆ. ಸೋಮವಾರ ಆಡಳಿತ ಮಂಡಳಿಗೆ ಒಂದು ಪತ್ರ ಕೊಡಿ. ಆ ಹುಡುಗನ ರಜೆ, ಇನ್‌ಕ್ರಿಮೆಂಟ್, ದಂಡ ಎಲ್ಲವನ್ನೂ ಬೇರೊಬ್ಬರಿಗೆ ಒಪ್ಪಿಸಿ ಎಂದು ಬರೆಯಿರಿ. ಇಬ್ಬರು ಕ್ಲಾರ್ಕುಗಳ ಹಾಜರಿ ಪುಸ್ತಕವನ್ನೂ ಅವರ ಮುಂದಿಡಿ. ಹಿಡಿದ ಪಗಾರದ ಬಗ್ಗೆ ಅವರೇ ತೀರ್ಮಾನಿಸಲಿ. ಅದಕ್ಕೂ ಮೊದಲು, ಈ ಭಾನುವಾರವೇ, ಅಕ್ಕನ ಮನೆಗೆ ಹೋಗಿ ಬನ್ನಿ.