ಹಾಡಿನೊಳಗೇ ಇತ್ತು ವಿಳಾಸ

ಪ್ರಶ್ನೆ: ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ‘ಬ್ಲೂಸ್’ ಎಂಬ ಹಾಡಿನ ಪ್ರಕಾರದ ಗಾಯಕ ಮಿಸಿಸಿಪ್ಪಿ ಜಾನ್ ಹರ್ಟ್ ಅವರ ಹಳೆಯ ಧ್ವನಿಮುದ್ರಣಗಳನ್ನು ಈಚೆಗೆ ಕೇಳಿದೆ. 1928ರಲ್ಲಿ ಹಾಡಿದ ಮೇಲೆ 35 ವರ್ಷ ಅವರು ನಾಪತ್ತೆಯಾಗಿದ್ದರು ಎಂದು ಓದಿದೆ. ಅಷ್ಟು ಕಾಲ ಎಲ್ಲಿದ್ದರು? ಮತ್ತೆ ಸಿಕ್ಕಿದ್ದು ಹೇಗೆ?

ಉತ್ತರ: ‘ನಾಪತ್ತೆ’ ಎಂಬ ಮಾತನ್ನು ಮೊದಲು ತಿದ್ದಬೇಕಾಗುತ್ತದೆ. ಹರ್ಟ್ ಎಲ್ಲಿಗೂ ಹೋಗಿರಲಿಲ್ಲ. ತಮ್ಮ ಊರಿನಲ್ಲೇ ಇದ್ದರು, ದನ ಮೇಯಿಸುತ್ತಿದ್ದರು, ಹೊಲದಲ್ಲಿ ದುಡಿಯುತ್ತಿದ್ದರು. ಅವರನ್ನು ಹುಡುಕಿಕೊಂಡು ಹೋದವರು ಯಾರೂ ಇರಲಿಲ್ಲ, ಅಷ್ಟೆ.

ಹರ್ಟ್ ಹುಟ್ಟಿದ್ದು ಮಿಸಿಸಿಪ್ಪಿ ರಾಜ್ಯದ ಕ್ಯಾರೊಲ್ ಕೌಂಟಿಯ ಟಿಯೋಕ್ ಎಂಬಲ್ಲಿ. ವರ್ಷವನ್ನು ಕೆಲವರು 1892 ಎನ್ನುತ್ತಾರೆ, ಕೆಲವರು 1893. ಬೆಳೆದದ್ದು ಹತ್ತಿರದ ಅವಲಾನ್ ಎಂಬ ಪುಟ್ಟ ಊರಿನಲ್ಲಿ. ಮಿಸಿಸಿಪ್ಪಿ ಡೆಲ್ಟಾದ ಸಮತಟ್ಟಾದ ಹತ್ತಿಯ ಬಯಲು ಮುಗಿದು ಗುಡ್ಡಗಳು ಏಳತೊಡಗುವ ಅಂಚಿನ ಊರು ಅದು. ಒಂಬತ್ತರ ಆಸುಪಾಸಿನ ವಯಸ್ಸಿನಲ್ಲಿ ಗಿಟಾರ್ ಹಿಡಿದವರು ಗುರುವಿಲ್ಲದೆ ಕಲಿತರು. ತಾಯಿ ಒಂದೂವರೆ ಡಾಲರಿಗೆ ಕೊಡಿಸಿದ ಹಳೆಯ ಗಿಟಾರು ಅದು, ಅದಕ್ಕೆ ‘ಬ್ಲ್ಯಾಕ್ ಆ್ಯನಿ’ ಎಂಬ ಹೆಸರಿತ್ತು ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಹಗಲೆಲ್ಲ ಬೇರೆಯವರ ಹೊಲದಲ್ಲಿ ಪಾಲಿಗೆ ದುಡಿತ, ಶನಿವಾರ ಬಂತೆಂದರೆ ಊರಿನ ಕುಣಿತಕ್ಕೆ ಗಿಟಾರು: ಅವರ ಯೌವನ ಕಳೆದದ್ದು ಹೀಗೆ.

ವಿಲ್ಲಿ ನಾರ್ಮರ್ ಎಂಬ ಬಿಳಿಯ ಪಿಟೀಲುವಾದಕರೊಬ್ಬರು ಅದೇ ಸೀಮೆಯವರು. ಅವರ ಜೊತೆಗಾರ ಬಾರದ ದಿನ ಕಪ್ಪು ಜನಾಂಗದ ಹರ್ಟ್ ಹೋಗಿ ಪಕ್ಕದಲ್ಲಿ ಕೂತು ನುಡಿಸುತ್ತಿದ್ದರು. ಶಾಲೆ, ರೈಲುಡಬ್ಬಿ, ಹೋಟೆಲುಗಳಲ್ಲೆಲ್ಲ ಬಣ್ಣದ ಗೆರೆ ಎಳೆದಿದ್ದ ಕಾಲದಲ್ಲಿ ಇದೇನೂ ಸಣ್ಣ ಮಾತಲ್ಲ. ಪಿಟೀಲಿನ ಸ್ಪರ್ಧೆಯೊಂದರಲ್ಲಿ ಗೆದ್ದ ನಾರ್ಮರ್ ಅವರಿಗೆ ಓಕೆ ಎಂಬ ಗ್ರಾಮಫೋನ್ ಕಂಪನಿಯ ಅವಕಾಶ ಸಿಕ್ಕಿದಾಗ, ಕಂಪನಿಯ ಟಾಮಿ ರಾಕ್‌ವೆಲ್ ಅವರಿಗೆ ಹರ್ಟ್ ಅವರ ಹೆಸರನ್ನು ಹೇಳಿದವರೂ ಅವರೇ. ಆದರೆ ಒಂದೇ ಕುಣಿತದಲ್ಲಿ ನುಡಿಸಿದ ಈ ಇಬ್ಬರ ಗ್ರಾಮಫೋನ್ ತಟ್ಟೆಗಳನ್ನು ಕಂಪನಿ ಒಂದೇ ಪಟ್ಟಿಯಲ್ಲಿ ಮಾರಲಿಲ್ಲ: ಬಿಳಿಯರಿಗೊಂದು ಸರಣಿ, ಕಪ್ಪು ಜನರಿಗೊಂದು ಸರಣಿ.

1928ರ ಫೆಬ್ರವರಿಯಲ್ಲಿ ಮೆಂಫಿಸ್ ನಗರದಲ್ಲಿ ಮೊದಲ ಧ್ವನಿಮುದ್ರಣ ನಡೆಯಿತು. ದೊಡ್ಡ ಹಜಾರದಲ್ಲಿ ಕುರ್ಚಿಯ ಮೇಲೆ ಕೂರಿಸಿ, ಮೈಕನ್ನು ಬಾಯಿಗೇ ತಾಗುವಷ್ಟು ಹತ್ತಿರ ತಂದು, ಅಲುಗಾಡಬಾರದೆಂದು ತಾಕೀತು ಮಾಡಿದರಂತೆ. ಕುತ್ತಿಗೆ ದಿನಗಟ್ಟಲೆ ನೋಯುತ್ತಿತ್ತೆಂದು ಹರ್ಟ್ ನೆನೆದಿದ್ದಾರೆ. ಅಲ್ಲಿ ಹಾಡಿದ ಎಂಟು ಹಾಡುಗಳಲ್ಲಿ ಎರಡು ಮಾತ್ರ ಹೊರಬಂದವು. ಹೆಸರಿನ ಮೊದಲಿಗೆ ‘ಮಿಸಿಸಿಪ್ಪಿ’ ಸೇರಿಸಿದ್ದು ಕಂಪನಿಯ ವ್ಯಾಪಾರದ ಜಾಣತನ. ಅದೇ ಡಿಸೆಂಬರಿನಲ್ಲಿ ಅವರನ್ನು ನ್ಯೂಯಾರ್ಕಿಗೆ ಕರೆಸಿಕೊಂಡರು. ಆ ಮಹಾನಗರದಲ್ಲಿ ಊರಿನ ನೆನಪು ಕಾಡಿದಾಗ ಹುಟ್ಟಿದ್ದು ‘ಅವಲಾನ್ ಬ್ಲೂಸ್’. ತನ್ನೂರು ಅವಲಾನ್, ಮನಸ್ಸೆಲ್ಲ ಅಲ್ಲೇ ಇದೆ ಎಂಬುದು ಅದರ ಭಾವ. ತಟ್ಟೆಗಳು ಹೆಚ್ಚು ಮಾರಾಟವಾಗಲಿಲ್ಲ. ಮರುವರ್ಷವೇ ಬಂದೆರಗಿದ ಆರ್ಥಿಕ ಕುಸಿತದಲ್ಲಿ ಗ್ರಾಮಫೋನ್ ವ್ಯಾಪಾರವೇ ನೆಲಕಚ್ಚಿತು, ಹರ್ಟ್ ಅವರನ್ನು ಕರೆಯುವವರು ಇಲ್ಲವಾದರು.

1952ರಲ್ಲಿ ಹ್ಯಾರಿ ಸ್ಮಿತ್ ಎಂಬ ಸಂಗ್ರಾಹಕರು ಅಮೆರಿಕದ ಹಳೆಯ ಜನಪದ ಧ್ವನಿಮುದ್ರಣಗಳಿಂದ 84 ಹಾಡುಗಳನ್ನು ಆಯ್ದು ಒಂದು ಸಂಕಲನ ಹೊರತಂದರು. ಅದರಲ್ಲಿ ಹರ್ಟ್ ಅವರ ಎರಡು ಹಾಡುಗಳಿದ್ದವು. ಅವನ್ನು ಕೇಳಿ ಮರುಳಾದ ಹೊಸ ತಲೆಮಾರಿನವರಲ್ಲಿ ಬಹುತೇಕರು ಹಾಡಿದವರು ಎಂದೋ ತೀರಿಕೊಂಡಿರಬೇಕೆಂದೇ ನಂಬಿದ್ದರು. 1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ಯುವಕ ‘ಅವಲಾನ್ ಬ್ಲೂಸ್’ ಕೇಳಿ, ಹಾಡಿನಲ್ಲಿರುವ ಊರು ನಿಜವಾಗಿಯೂ ಇರಬಹುದೆಂದು ಊಹಿಸಿ, ಹೊಸ ನಕ್ಷೆಗಳಲ್ಲಿ ಕಾಣದ ಆ ಹೆಸರು ಹಳೆಯ ಅಟ್ಲಾಸಿನಲ್ಲಿ ಗ್ರೀನ್‌ವುಡ್ ಮತ್ತು ಗ್ರೆನಡಾ ಪಟ್ಟಣಗಳ ನಡುವೆ ಸಿಕ್ಕಿದ ಮೇಲೆ, ಕಾರು ಹತ್ತಿ ಹೊರಟೇಬಿಟ್ಟರು. ಊರಿನ ಅಂಗಡಿಯಲ್ಲಿ ವಿಚಾರಿಸಿದರೆ, ರಸ್ತೆಯಲ್ಲಿ ಮುಂದೆ ಹೋಗಿ ಗುಡ್ಡದ ಮೇಲಿನ ಮೂರನೆಯ ಅಂಚೆಡಬ್ಬಿ ನೋಡಿ ಎಂದರಂತೆ. ಎಷ್ಟು ಸರಳ! ಸಂಗ್ರಾಹಕರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ಒಗಟಿಗೆ ಅಂಗಡಿಯವರ ಬಳಿ ಒಂದೇ ವಾಕ್ಯದ ಉತ್ತರವಿತ್ತು.

ದೂರದಿಂದ ಬಂದ ಬಿಳಿಯ ಯುವಕನೊಬ್ಬ ಹೆಸರು ಹಿಡಿದು ವಿಚಾರಿಸಿದ್ದನ್ನು ಕಂಡು ಹರ್ಟ್ ಮೊದಲು ಹೆದರಿದರು. ಅಮೆರಿಕದ ತನಿಖಾ ಸಂಸ್ಥೆಯಾದ ಎಫ್‌ಬಿಐ ಕಡೆಯವನೇ ಇರಬೇಕೆಂದುಕೊಂಡರು. ಆಗ ಅವರ ಬಳಿ ಸ್ವಂತದ ಗಿಟಾರೂ ಇರಲಿಲ್ಲ. ಕೈಗೆ ಒಂದು ಕೊಟ್ಟಾಗ ಹಳೆಯ ನುಡಿಸಾಣಿಕೆ ಹೆಚ್ಚುಕಡಿಮೆ ಹಾಗೆಯೇ ಹೊರಬಂತು.

ಪ್ರಶ್ನೆ: ನಾನು ಗಿಟಾರ್ ಕಲಿಯುತ್ತಿದ್ದೇನೆ. ಹರ್ಟ್ ಒಬ್ಬರೇ ನುಡಿಸಿದರೂ ಇಬ್ಬರು ಕೂತು ನುಡಿಸಿದಂತೆ ಕೇಳಿಸುತ್ತದೆ. ಇದರ ಗುಟ್ಟೇನು? ಅಭ್ಯಾಸವನ್ನು ಎಲ್ಲಿಂದ ಆರಂಭಿಸಲಿ?

ಉತ್ತರ: ಗುಟ್ಟು ಹೆಬ್ಬೆರಳಿನಲ್ಲಿದೆ. ಬಲಗೈಯ ಉಂಗುರದ ಬೆರಳು ಮತ್ತು ಕಿರುಬೆರಳು ಗಿಟಾರಿನ ಹಲಗೆಯ ಮೇಲೆ ಊರಿಕೊಂಡಿರುತ್ತವೆ. ಕೆಲಸ ಮಾಡುವುದು ಉಳಿದ ಮೂರು ಬೆರಳು ಮಾತ್ರ. ಹೆಬ್ಬೆರಳು ದಪ್ಪ ತಂತಿಗಳಲ್ಲಿ ಒಂದರಿಂದ ಇನ್ನೊಂದಕ್ಕೆ, ಮತ್ತೆ ಮೊದಲಿನದಕ್ಕೆ, ಬಡಿತ ತಪ್ಪದೆ ಓಡಾಡುತ್ತದೆ. ಸಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದಿದ್ದರೆ ಐದನೆಯ ತಂತಿ, ನಾಲ್ಕನೆಯ ತಂತಿ, ಐದು, ನಾಲ್ಕು, ಹೀಗೆ. ತೋರುಬೆರಳು ಮತ್ತು ನಡುಬೆರಳು ತೆಳು ತಂತಿಗಳಲ್ಲಿ ಹಾಡಿನ ಮಟ್ಟನ್ನೇ ಮೀಟುತ್ತವೆ. ಆ ಸ್ವರಗಳಲ್ಲಿ ಕೆಲವು ಹೆಬ್ಬೆರಳಿನ ಪೆಟ್ಟಿನ ಜೊತೆಗೇ ಬಂದರೆ, ಹೆಚ್ಚಿನವು ಎರಡು ಪೆಟ್ಟುಗಳ ನಡುವಿನ ಸಂದಿಯಲ್ಲಿ ಬೀಳುತ್ತವೆ. ಕೆಳಗೆ ತಾಳ, ಮೇಲೆ ಹಾಡು. ಕಿವಿಗೆ ಇಬ್ಬರೆನಿಸುವುದು ಇದರಿಂದ. ಕೆಲವು ಕಡೆ ಅವರು ಸಾಲನ್ನು ಬಾಯಲ್ಲಿ ಅರ್ಧಕ್ಕೆ ನಿಲ್ಲಿಸಿ ಉಳಿದದ್ದನ್ನು ತಂತಿಗೆ ಬಿಡುತ್ತಾರೆ, ಕೇಳುವವರಿಗೆ ಅಲ್ಲಿ ಮಾತು ನಿಂತದ್ದೇ ತಿಳಿಯುವುದಿಲ್ಲ.

ಈ ಶೈಲಿ ಕುಣಿತದ ಅಗತ್ಯದಿಂದ ಬೆಳೆದದ್ದೆಂದು ನನ್ನ ಎಣಿಕೆ. ಡೋಲಿಲ್ಲ, ಬೇರೆ ಪಕ್ಕವಾದ್ಯವಿಲ್ಲ, ಮೈಕಂತೂ ಇಲ್ಲವೇ ಇಲ್ಲ; ಕುಣಿಯುವವರ ಹಿಮ್ಮಡಿಗೆ ಬೇಕಾದ ಬಡಿತವನ್ನು ಒಂದೇ ಗಿಟಾರು ಒದಗಿಸಬೇಕಿತ್ತು.

ನಿಮ್ಮ ಅಭ್ಯಾಸದ ವಿಷಯ: ಹೆಬ್ಬೆರಳನ್ನು ಬಿಟ್ಟು ಬೇರೆ ಯಾವ ಬೆರಳನ್ನೂ ಸದ್ಯಕ್ಕೆ ಬಳಸಬೇಡಿ. ಎದುರಿಗಿರುವವರೊಡನೆ ಮಾತನಾಡುತ್ತಲೇ ಹೆಬ್ಬೆರಳು ತಪ್ಪದೆ ಓಡುವಂತಾದ ಮೇಲೆ ತೆಳು ತಂತಿಯಲ್ಲಿ ಒಂದು ಸ್ವರ ಸೇರಿಸಿ, ನಂತರ ಇನ್ನೊಂದು. ಹೆಚ್ಚಿನವರು ಎಡವುವುದು ಮಟ್ಟನ್ನು ಮೊದಲು ಕಲಿತು ತಾಳವನ್ನು ಆಮೇಲೆ ಅಂಟಿಸಲು ಹೋಗಿ. 1928ರ ‘ಫ್ರಾಂಕಿ’ ಬಹಳ ಚುರುಕಾಗಿದೆ, ಅದನ್ನು ಅನುಕರಿಸಲು ಹೋಗಿ ಕೈಚೆಲ್ಲಬೇಡಿ. 1960ರ ದಶಕದ ಧ್ವನಿಮುದ್ರಣಗಳ ನಡೆ ನಿಧಾನ, ಕಲಿಯುವವರಿಗೆ ಅವೇ ಒಳ್ಳೆಯವು.

ಪ್ರಶ್ನೆ: ಬ್ಲೂಸ್ ಎಂದರೆ ಗೋಳು, ಆಕ್ರೋಶ ಎಂದುಕೊಂಡಿದ್ದೆ. ಹರ್ಟ್ ಅವರ ದನಿ ಮೊಮ್ಮಕ್ಕಳಿಗೆ ಕಥೆ ಹೇಳುವ ಅಜ್ಜನದಂತಿದೆ. ಇದನ್ನು ಬ್ಲೂಸ್ ಎನ್ನಬಹುದೇ?

ಉತ್ತರ: ಡೆಲ್ಟಾದ ಚಾರ್ಲಿ ಪ್ಯಾಟನ್, ಸನ್ ಹೌಸ್ ಮೊದಲಾದವರ ಗಡಸು ಕಂಠವನ್ನೂ ತಂತಿಯ ಮೇಲೆ ಗಾಜಿನ ಅಥವಾ ಲೋಹದ ತುಂಡನ್ನು ಜಾರಿಸುವ ವರಸೆಯನ್ನೂ ಅಳತೆಗೋಲಾಗಿ ಇಟ್ಟುಕೊಂಡರೆ ಹರ್ಟ್ ಅದಕ್ಕೆ ಹೊಂದುವುದಿಲ್ಲ. ಅವರ ಬುಟ್ಟಿಯಲ್ಲಿ ಬ್ಲೂಸ್ ಇತ್ತು, ಅದಕ್ಕಿಂತ ಹಳೆಯ ಲಾವಣಿಗಳಿದ್ದವು, ಕುಣಿತದ ಹಾಡುಗಳಿದ್ದವು, ಚರ್ಚಿನ ಭಜನೆಗಳೂ ಇದ್ದವು. ಆದರೆ ದನಿ ಮೆತ್ತಗಿದೆಯೆಂದು ಒಳಗಿನ ವಸ್ತುವೂ ಮೆತ್ತಗಿದೆಯೆಂದು ತಿಳಿಯಬೇಡಿ. ‘ಫ್ರಾಂಕಿ’ ಮತ್ತು ‘ಸ್ಟ್ಯಾಕ್ ಓ ಲೀ’ ಎರಡೂ ಕೊಲೆಯ ಹಾಡುಗಳು; ಸೇಂಟ್ ಲೂಯಿಸ್ ನಗರದಲ್ಲಿ 1899 ಮತ್ತು 1895ರಲ್ಲಿ ನಿಜವಾಗಿ ನಡೆದ ಕೊಲೆಗಳಿಂದ ಆ ಲಾವಣಿಗಳು ಹುಟ್ಟಿದವು. ‘ಲೂಯಿಸ್ ಕಾಲಿನ್ಸ್’ ಹಾಡಿನಲ್ಲಿ ಗುಂಡೇಟಿಗೆ ಬಲಿಯಾದವನ ತಾಯಿಯ ಅಳು ಬರುತ್ತದೆ, ಹೆಬ್ಬೆರಳು ಮಾತ್ರ ಏನೂ ಆಗದವರಂತೆ ತನ್ನ ಪಾಡಿಗೆ ನಡೆಯುತ್ತಲೇ ಇರುತ್ತದೆ. ‘ಸ್ಪೈಕ್ ಡ್ರೈವರ್ ಬ್ಲೂಸ್’ ಇನ್ನೂ ಸೂಕ್ಷ್ಮ. ಯಂತ್ರದೊಡನೆ ಪಂತ ಕಟ್ಟಿ ಸುತ್ತಿಗೆ ಹಿಡಿದೇ ಸತ್ತ ಜಾನ್ ಹೆನ್ರಿಯನ್ನು ಇತರರು ವೀರನೆಂದು ಹಾಡಿದರೆ, ಹರ್ಟ್ ಅವರ ಹಾಡಿನ ಕೂಲಿಯಾಳು ಆ ಸುತ್ತಿಗೆಯನ್ನೇ ಕೆಳಗಿಟ್ಟು ಹೊರಟುಹೋಗುತ್ತಾನೆ. ಅದು ಅವನನ್ನು ಕೊಂದಿತು, ನನ್ನನ್ನು ಕೊಲ್ಲಲು ಬಿಡೆನು ಎಂಬುದು ಅವನ ನಿಲುವು. ಗಂಟಲು ಏರಿಸದೆ ಇದಕ್ಕಿಂತ ದೊಡ್ಡ ಪ್ರತಿಭಟನೆ ಮಾಡಿದ ಹಾಡನ್ನು ನಾನು ಕೇಳಿಲ್ಲ.

ಪ್ರಶ್ನೆ: ಕೊನೆಗಾಲದಲ್ಲಿ ಅವರಿಗೆ ಮನ್ನಣೆ ಸಿಕ್ಕಿತೇ? ಅವರ ಮನೆ ಈಗಲೂ ಇದೆಯೇ?

ಉತ್ತರ: ಸಿಕ್ಕಿತು, ಮೂರು ವರ್ಷದ ಮಟ್ಟಿಗೆ. 1963ರಲ್ಲೇ ನ್ಯೂಪೋರ್ಟ್ ಜಾನಪದ ಸಂಗೀತೋತ್ಸವದಲ್ಲಿ ಹಾಡಿದರು, ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ಸಿಗಾಗಿ ಹಳೆಯ ಹಾಡುಗಳನ್ನು ಧ್ವನಿಮುದ್ರಿಸಿದರು. ವಾಷಿಂಗ್ಟನ್ನಿಗೆ ನೆಲೆ ಬದಲಿಸಿ, ಕಾಲೇಜು, ಕಾಫಿಹೌಸುಗಳಲ್ಲಿ ಹ್ಯಾಟು ಧರಿಸಿ ಕೂತು ನುಡಿಸಿದರು. ಕೊನೆಗೆ ಮಿಸಿಸಿಪ್ಪಿಗೇ ಮರಳಿ, 1966ರ ನವೆಂಬರ್ 2ರಂದು ಗ್ರೆನಡಾದಲ್ಲಿ ತೀರಿಕೊಂಡರು. ಕೋಣೆಯ ಹಿಂದೆ ಕೋಣೆ ಸಾಲಾಗಿದ್ದ ಅವರ ಮರದ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಉಳಿಸಿಕೊಳ್ಳಲಾಗಿತ್ತು. 2024ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಸಮಾಧಿ ಇದೆ, ಅವಲಾನಿನಲ್ಲೇ.