ಮಗಳ ಮನೆಯಲ್ಲಿ ಉಣ್ಣದ ಅಪ್ಪ

ಅವರು ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ಶಿಕ್ಷಕಿ. ವಯಸ್ಸು ನಲವತ್ತರ ಹತ್ತಿರ. ಶಾಲೆಯ ಮಕ್ಕಳು ಕರೆಯುವ ಹಾಗೆ ಇಲ್ಲಿ ಅಕ್ಕೋರು ಎಂದೇ ಕರೆಯುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ತಲೆನೋವು, ನಿದ್ದೆ ಇಲ್ಲ ಎಂದು ಬಂದಿದ್ದರು. ಡಾಕ್ಟರು ಪರೀಕ್ಷೆ ಮಾಡಿ, ಏನೂ ತೊಂದರೆ ಕಾಣದೆ ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಕಳಿಸಿದ್ದರು. ಯಾವಾಗ ಜಾಸ್ತಿ ಎಂದು ಕೇಳಿದೆ. "ಅಪ್ಪ ಅವ್ವ ಬರೋ ವಾರ" ಎಂದರು. ಹೇಳಿದ ಮೇಲೆ ಅವರಿಗೇ ನಾಚಿಕೆಯಾಯಿತು. "ಹೆತ್ತವರು ಬಂದ್ರ ಯಾರಿಗಾದ್ರೂ ತಲಿನೋವು ಬರ್ತದೇನ್ರಿ?"

ಬರುತ್ತದೆ. ಪ್ರೀತಿ ಇದ್ದವರಿಗೇ ಜಾಸ್ತಿ ಬರುತ್ತದೆ.

ತವರು ಬೀದರ ಜಿಲ್ಲೆ ಔರಾದ ತಾಲೂಕಿನ ಒಂದು ಹಳ್ಳಿ. ಮೊದಲು ವರ್ಷಕ್ಕೆ ಒಂದೆರಡು ಸಲ ಬಂದರೆ ಹೆಚ್ಚು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ಅವ್ವ ತಿಂಗಳಿಗೊಮ್ಮೆ ಹೊರಡತೊಡಗಿದರು. ಅವ್ವ ಹೊರಟರೆ ಅಪ್ಪನೂ ಜೊತೆಗೆ. ಅವ್ವನಿಗೆ ಜೀರೋ ಟಿಕೆಟ್, ಅಪ್ಪನಿಗೆ ದುಡ್ಡಿನ ಟಿಕೆಟ್. ಶನಿವಾರ ಅಕ್ಕೋರಿಗೆ ಬೆಳಗಿನ ಶಾಲೆ. ಬಿಟ್ಟ ತಕ್ಷಣ ಮನೆಗೆ ಓಡುತ್ತಿದ್ದರು.

ಗುರುವಾರದಿಂದಲೇ ಮನೆ ತೊಳೆಯುವುದು, ಪರದೆ ಒಗೆಯುವುದು. ಶನಿವಾರ ನಸುಕಿನಲ್ಲೇ ಎದ್ದು ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಅಪ್ಪ ತಾಟಿನ ಮುಂದೆ ಕೂತು ಅರ್ಧ ರೊಟ್ಟಿ ಮುರಿದು, ಉಳಿದರ್ಧ ಮಡಿಚಿ ಪಕ್ಕಕ್ಕಿಟ್ಟು, ಕೈ ತೊಳೆದುಬಿಡುತ್ತಿದ್ದರು. ಎದ್ದವರೇ ಜೇಬಿನಿಂದ ನೂರರ ನೋಟು ತೆಗೆದು ಮೊಮ್ಮಗನ ಕೈಗೆ ಕೊಡುತ್ತಿದ್ದರು. ಅಕ್ಕೋರು ಅದನ್ನು ಕಸಿದು ವಾಪಸ್ ತುರುಕಿ, "ನನ್ನ ಮನ್ಯಾಗ ಉಂಡಿದ್ದಕ್ಕ ಬಿಲ್ಲೇನು?" ಎಂದು ಜಗಳ ತೆಗೆಯುತ್ತಿದ್ದರು. ಭಾನುವಾರ ಬೆಳಿಗ್ಗೆ ಅಪ್ಪ ಶರಣಬಸವೇಶ್ವರ ಗುಡಿಗೆಂದು ಹೋದವರು ಮಧ್ಯಾಹ್ನ ಬಂದು "ಹೊಟ್ಟಿ ತುಂಬ್ಯದ" ಎನ್ನುತ್ತಿದ್ದರು. ಒಂದು ಸಲ ಮೊಮ್ಮಗನೂ ಜೊತೆಗೆ ಹೋಗಿದ್ದ. ಬಂದು ಖುಷಿಯಿಂದ ಹೇಳಿದ: "ಮುತ್ಯಾ ದಾಸೋಹದಾಗ ಎರಡೆರಡು ಸಲ ಹಾಕಿಸ್ಕೊಂಡು ಉಂಡ."

ಅಕ್ಕೋರು ಅತ್ತಿದ್ದು ಅವತ್ತು. ಊರಿನವರ ಸಾಲಿನಲ್ಲಿ ಕೂತು ಹೊಟ್ಟೆ ತುಂಬ ಉಣ್ಣುವ ಅಪ್ಪ, ಮಗಳು ಬಡಿಸಿದರೆ ಅರ್ಧ ರೊಟ್ಟಿಗೆ ಏಳುತ್ತಾರೆ.

ಮಗಳ ಮನೆಯಲ್ಲಿ ಉಂಡರೆ ಋಣ ಎಂಬ ನಂಬಿಕೆ ಈ ಕಡೆಯ ಹಳೆಯ ಮಂದಿಯಲ್ಲಿ ಇನ್ನೂ ಇದೆ. ಮೊಮ್ಮಗು ಹುಟ್ಟುವ ತನಕ ಮಗಳ ಮನೆಯ ನೀರೂ ಮುಟ್ಟದವರನ್ನು ನಾನು ಕಂಡಿದ್ದೇನೆ. ಆದರೆ ಇಲ್ಲಿ ಒಂದು ಮಾತು ನನ್ನನ್ನು ನಿಲ್ಲಿಸಿತು. ಅಪ್ಪ ಮೊದಲು ಹೀಗಿರಲಿಲ್ಲವಂತೆ. ಮನೆ ಕಟ್ಟಿಸಿದ ಹೊಸದರಲ್ಲಿ ಬಂದಾಗ ಚೆನ್ನಾಗಿಯೇ ಉಂಡಿದ್ದರು. ಹಾಗಾದರೆ ನಡುವೆ ಏನೋ ಆಗಿದೆ, ಅಲ್ವಾ?

ಅದಕ್ಕೂ ಮೊದಲು ಇನ್ನೊಂದು ಕೆಲಸ ತುರ್ತಾಗಿತ್ತು. ಅಪ್ಪನಿಗೆ ಸಕ್ಕರೆ ಕಾಯಿಲೆ. ಗ್ಲಿಮೆಪಿರೈಡ್ ಗುಳಿಗೆ ನುಂಗುತ್ತಾರೆ. ಈ ಗುಳಿಗೆ ನುಂಗಿ ಊಟ ಬಿಟ್ಟರೆ ರಕ್ತದಲ್ಲಿ ಸಕ್ಕರೆ ಇಳಿದು ಬೆವರು, ಕೈನಡುಕ, ತಲೆಸುತ್ತು ಬರಬಹುದು, ಜಾಸ್ತಿ ಇಳಿದರೆ ಪ್ರಜ್ಞೆಯೇ ತಪ್ಪಬಹುದು. ವಾಪಸ್ ಹೋಗುವಾಗ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಹೀಗೇ ಬೆವೆತು ಕೂತಿದ್ದರು, ಬಿಸಿಲು ಎಂದುಕೊಂಡಿದ್ದರು. ನಂಬಿಕೆಯ ಮಾತು ಆಮೇಲೆ, ಗುಳಿಗೆ ನುಂಗಿದ ಮೇಲೆ ಊಟ ತಪ್ಪಬಾರದು, ಈ ವಾರವೇ ಅವರ ಡಾಕ್ಟರಿಗೆ ತಿಳಿಸಿ ಎಂದೆ. ಜೇಬಿನಲ್ಲಿ ಬೆಲ್ಲವೋ ಸಕ್ಕರೆಯೋ ಇರಲಿ, ತಲೆ ತಿರುಗಿದರೆ ತಕ್ಷಣ ಬಾಯಿಗೆ ಹಾಕಿಕೊಳ್ಳಲಿ ಎಂದೂ ಹೇಳಿದೆ.

ಆಮೇಲೆ ಗಂಡನನ್ನು ಕರೆಸಿದೆ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಮಾವ ಬಂದಾಗ ಮರ್ಯಾದೆಗೆಂದು ಸುಮ್ನೆ ಇರುತ್ತಿದ್ದರು, ಕೆಲವು ಸಲ ಹೊರಗೆ ಹೋಗುತ್ತಿದ್ದರು. "ಅಪ್ಪ ಮಗಳು ಮಾತಾಡ್ಲಿ ಅಂತ." ಆ ವಯಸ್ಸಿನ ಗಂಡಸಿಗೆ ಅಳಿಯ ಬಾಯಿಬಿಟ್ಟು ಕರೆಯದಿದ್ದರೆ ಅದು ಕರೆದ ಹಾಗಲ್ಲ. ಮಗಳು ಎಷ್ಟೇ ಒತ್ತಾಯ ಮಾಡಿದರೂ ಅಳಿಯನ ಮುಖ ನೋಡಿಯೇ ಕೂರುತ್ತಾರೆ. ವಾರದ ನಡುವೆ ನೀವೇ ಫೋನ್ ಮಾಡಿ, ಊಟಕ್ಕೆ ಪಕ್ಕದಲ್ಲೇ ಕೂರಿ ಎಂದೆ. ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಬೇಗ ಫಲ ಕೊಟ್ಟಿದ್ದು ಇದೇ.

ಅಪ್ಪ ನನ್ನ ಹತ್ತಿರ ಬರಲು ಒಪ್ಪಿದ್ದು ಮೊಮ್ಮಗನಿಂದಾಗಿ. ಸೋಯಾ, ತೊಗರಿ, ಮಳೆ ಎಂದು ಬಹಳ ಹೊತ್ತು ಮಾತಾಡಿದರು. ಉಣ್ಣುವ ಮಾತು ಬಂದಾಗ ಧೋತರದ ಚುಂಗು ಬೆರಳಿಗೆ ಸುತ್ತುತ್ತಾ, "ಸಹಿ ಹಾಕಿಸ್ಕೊಂಡೀನ್ರಿ" ಎಂದರು.

ಕೆಲವು ವರ್ಷಗಳ ಹಿಂದೆ ಹೊಲವನ್ನು ಮಗನ ಹೆಸರಿಗೆ ಮಾಡುವಾಗ ಮಗಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿದ್ದರು. ಅಕ್ಕೋರು ಒಂದು ಮಾತೂ ಆಡದೆ ಹಾಕಿದ್ದರು. ಆ ಮೌನವೇ ಅಪ್ಪನನ್ನು ಚುಚ್ಚುತ್ತಿತ್ತು. "ಅಕೀಗಿ ಏನೂ ಕೊಟ್ಟಿಲ್ಲ. ಯಾವ ಮುಖ ಇಟ್ಕೊಂಡು ಅಕಿ ಮನ್ಯಾಗ ಉಣ್ಣಲಿ?"

ಇಲ್ಲಿ ಕಾನೂನಿನ ಮಾತು ಬರುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆ. ತಂದೆತಾಯಿಯನ್ನು ನೋಡಿಕೊಳ್ಳುವ 2007ರ ಕಾಯ್ದೆಯೂ ಮಕ್ಕಳು ಎನ್ನುವಾಗ ಮಗಳನ್ನು ಸೇರಿಸಿಯೇ ಹೇಳುತ್ತದೆ. ಅಕ್ಕೋರಿಗೆ ಇದೆಲ್ಲ ಗೊತ್ತಿತ್ತು. "ನಾನೂ ಮಗನ ಸಮ ಅಂತ ಅಪ್ಪಗ ಕಾಯ್ದೆ ತೋರಿಸ್ತೀನಿ" ಎಂದು ಹೊರಟಿದ್ದರು. ಬೇಡ ಎಂದೆ. ಪ್ರೀತಿಯಿಂದಲೇ ಹೇಳಿದರೂ, ಪಾಲು ತಪ್ಪಿಸಿದೆ ಎಂದು ನಾಚಿ ಕೂತಿರುವ ಮನುಷ್ಯನ ಕಿವಿಗೆ ಅದು ಆರೋಪದ ಹಾಗೇ ಕೇಳುತ್ತದೆ.

ಅದರ ಬದಲು, ಸಹಿಯ ಬಗ್ಗೆ ಮನಸ್ಸಿನಲ್ಲಿ ನಿಜವಾಗಿ ಏನಿದೆಯೋ ಅದನ್ನು ಒಂದೇ ಸಲ ಹೇಳಿಬಿಡಿ ಎಂದೆ. ಬೇಜಾರಿಲ್ಲ ಎಂದು ಸುಳ್ಳು ಹೇಳಬೇಡಿ. ಅವರು ಹೇಳಿದ್ದು ಇಷ್ಟು: "ಹೊಲ ಬೇಕಾಗಿರ್ಲಿಲ್ಲ ಅಪ್ಪ, ಕೇಳಬೇಕಾಗಿತ್ತು. ಕಾಗದ ಮುಂದ ಇಟ್ಟಿ, ಕೇಳ್ಲಿಲ್ಲ." ಅಪ್ಪ ಹೌದು ಎಂದರಂತೆ.

ಇನ್ನೊಂದು ಸಲಹೆ, ಕೊಡುವುದನ್ನು ತಡೆಯಬೇಡಿ ಎಂದು. ಅಪ್ಪ ಪ್ರತಿ ಸಲ ಚೀಲದಲ್ಲಿ ತೊಗರಿಬೇಳೆ ಹೊತ್ತು ತರುತ್ತಿದ್ದರು. "ಕಲಬುರಗಿಗೆ ಯಾರರೆ ತೊಗರಿ ತರ್ತಾರೇನು? ಜಿಐ ಟ್ಯಾಗ್ ಸಿಕ್ಕಿದ ಬೇಳಿನೇ ಇಲ್ಲಿ ಸಿಗ್ತದ" ಎಂದು ಅಕ್ಕೋರು ಬೈಯುತ್ತಿದ್ದರು. ಅಪ್ಪನ ಮೈ ನೋಯಬಾರದೆಂದು ಆಡಿದ ಮಾತು. ಆದರೆ ಹೊಲ ಕೊಡದ ಅಪ್ಪನಿಗೆ ಕೊಡಲು ಉಳಿದಿದ್ದು ಆ ಬೇಳೆ ಮತ್ತು ಆ ನೂರರ ನೋಟು. ಎರಡನ್ನೂ ವಾಪಸ್ ಮಾಡಿದರೆ ಅವರು ಉಣ್ಣುವುದು ಹೇಗೆ? ಬೇಳೆ ಇಸಿದುಕೊಳ್ಳಿ, ಅವತ್ತೇ ಅದೇ ಬೇಳೆ ಬೇಯಿಸಿ, ನೋಟು ಮಗನ ಹತ್ತಿರವೇ ಇರಲಿ ಎಂದೆ. ಪರದೆ ಒಗೆಯುವುದನ್ನೂ ಬಿಡಿಸಿದೆ. ರೊಟ್ಟಿ ಬಡಿಯುವ ಕೆಲಸ ಅವ್ವನಿಗೆ ಹೋಯಿತು. ಅವರಿಗೂ ಕೈ ಕಟ್ಟಿ ಕೂರುವುದು ಸಾಕಾಗಿತ್ತು.

ಅಪ್ಪ ಈಗ ಉಣ್ಣುತ್ತಾರೆ. ನೋಟು ಕೊಡುವುದು ನಿಂತಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಅಕ್ಕೋರ ತಲೆನೋವು ಬಹಳ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ತಮ್ಮನ ಜೊತೆ ಆಡಬೇಕಾದ ಮಾತು ಇನ್ನೂ ಬಾಕಿ ಇದೆ. ಎಳ್ಳ ಅಮಾವಾಸ್ಯೆಗೆ ಎಲ್ಲರೂ ಹೊಲದಲ್ಲಿ ಸೇರುತ್ತಾರೆ. ಚರಗ ಚೆಲ್ಲಿ, ಭಜ್ಜಿ ಕಡುಬು ಉಂಡಾದ ಮೇಲೆ ತಮ್ಮನನ್ನು ಒಬ್ಬನನ್ನೇ ಕರೆದು ಮಾತಾಡುತ್ತೇನೆ ಎಂದಿದ್ದಾರೆ. ಏನು ಹೇಳಬೇಕೆಂದು ಮುಂದಿನ ಭೇಟಿಯಲ್ಲಿ ಕೂತು ಬರೆಯುತ್ತೇವೆ.