ಮಡಿಕೇರಿಯ ಸೀಟು ಬಿಡಬೇಡಿ

ಮಾನ್ಯರೇ, ಮಗಳಿಗೆ ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ದೊರೆತ ಸೀಟನ್ನು ಬಿಟ್ಟು, ಇಲ್ಲೇ ಬೆಂಗಳೂರಿನಲ್ಲಿ ಖಾಸಗಿ ಕಾಲೇಜಿಗೆ ಸೇರಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾದದ್ದು 2016ರಲ್ಲಿ. ವಯಸ್ಸಿನಲ್ಲಿ ಚಿಕ್ಕದಾದರೂ, ಬೆಂಗಳೂರಿನ ಹಲವು ಕಾಲೇಜುಗಳಂತೆ ಅದೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೇ ಸೇರಿರುವುದರಿಂದ ಪಠ್ಯಕ್ರಮದಲ್ಲಾಗಲಿ, ಪರೀಕ್ಷೆಯಲ್ಲಾಗಲಿ, ಪದವಿಯಲ್ಲಾಗಲಿ ವ್ಯತ್ಯಾಸವಿಲ್ಲ. ಶುಲ್ಕದ ಅಂತರವಂತೂ ನಿಮಗೆ ತಿಳಿದೇ ಇದೆ.

ಅಲ್ಲಿ ಓದಿದ ನನ್ನ ಅಕ್ಕನ ಮಗ ಹೇಳುವಂತೆ, ಜಿಲ್ಲಾ ಆಸ್ಪತ್ರೆಯೇ ಬೋಧಕ ಆಸ್ಪತ್ರೆಯಾಗಿರುವುದು ದೊಡ್ಡ ಅನುಕೂಲ. ಕಾಫಿ ತೋಟದಲ್ಲಿ ಮರದಿಂದ ಬಿದ್ದವರು, ಹಾವು ಕಚ್ಚಿದವರು, ಬುಡಕಟ್ಟು ಜನರ ಹಾಡಿಗಳಿಂದ ಬರುವ ಬಸುರಿಯರು, ಹೀಗೆ ಪುಸ್ತಕದಲ್ಲಿ ಓದಿದ್ದನ್ನೆಲ್ಲ ಮಂಚದ ಪಕ್ಕದಲ್ಲೇ ನಿಂತು ಕಲಿಯಬಹುದು. ರೋಗಿಯ ಮಾತನ್ನು ತಾಳ್ಮೆಯಿಂದ ಕೇಳುವುದನ್ನು ಅವನು ಕಲಿತದ್ದು ಅಲ್ಲಿಯೇ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಷ್ಟ ಇರುವುದು ಮಳೆಗಾಲದಲ್ಲಿ. ಜುಲೈಯಲ್ಲಿ ಒಗೆದ ಬಿಳಿ ಕೋಟು ಮೂರು ದಿನವಾದರೂ ಒಣಗುವುದಿಲ್ಲವಾದ್ದರಿಂದ ನಾಲ್ಕು ಕೋಟು ಹೊಲಿಸಿ ಕಳುಹಿಸಿ. ಜಿಲ್ಲೆಗೆ ರೈಲಿಲ್ಲ, ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ಮಡಿಕೇರಿಗೆ ನೇರ ಬಸ್ಸುಗಳಿವೆ.